ಘಟ್ಟ ಹತ್ತಿಬಂದ ಕ್ರಿಸ್‌ಮಸ್

ಒಂದು ಮನೆತನದ ಬೇರು ಎಲ್ಲಿದೆಯೆಂದು ತಿಳಿಯಬೇಕಾದರೆ ಹಬ್ಬಕ್ಕೆ ಯಾರು ಯಾರ ಮನೆಗೆ ಹೋಗುತ್ತಾರೆಂಬುದನ್ನು ಗಮನಿಸಬೇಕು. ಇತಿಹಾಸವೆಂದರೆ ಅರಸರ ಪಟ್ಟಿಯಷ್ಟೇ ಅಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಡಿಸೆಂಬರ್ ಕೊನೆಯ ವಾರ ನೆಂಟರಿಂದ ತುಂಬುವ ಕ್ರೈಸ್ತರ ಮನೆಗಳು ಆ ಮಾತಿಗೆ ಉತ್ತಮ ನಿದರ್ಶನ.

ಕೆಳದಿ ಅರಸರ ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ಆಳ್ವಿಕೆಯಿತ್ತು. ರಾಜಧಾನಿ ಬಿದನೂರು, ಅಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರ, ಕರಾವಳಿಯ ಬಂದರುಗಳೊಡನೆ ಅಕ್ಕಿ ಮತ್ತು ಮೆಣಸಿನ ವ್ಯಾಪಾರದಿಂದ ಬೆಸೆದುಕೊಂಡಿತ್ತು. ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, 1678ರಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದಂತೆ ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿಗಳಿಗೆ ಅನುಮತಿ ದೊರೆಯಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಕರಾವಳಿ ಇಂಗ್ಲಿಷ್ ಕಂಪನಿಗೂ ಮಲೆನಾಡು ಮೈಸೂರಿಗೂ ಸೇರಿ, ಘಟ್ಟವೇ ಗಡಿಯಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಈ ಗಡಿ ಉಳಿಯಿತು.

ಆ ಗಡಿಯನ್ನು ದಾಟಿ ಆಗುಂಬೆ, ಹುಲಿಕಲ್ಲು ಘಟ್ಟಗಳ ಮೂಲಕ ಮೇಲೇರಿ ಬಂದವರಲ್ಲಿ ಕೊಂಕಣಿ ಮಾತನಾಡುವ ಕ್ಯಾಥೊಲಿಕರೂ ಇದ್ದರು. ಗದ್ದೆ, ತೋಟ, ಕೂಲಿ, ವ್ಯಾಪಾರ ಎಂದು ಅವರು ಇಲ್ಲಿ ನೆಲೆಯಾದರೂ ಮೂಲಮನೆ ಕೆಳಗೇ ಇತ್ತು, ಹಬ್ಬವೂ ಅಲ್ಲಿಯೇ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕೆಲವು ಮಕ್ಕಳು ರಜೆಯ ಅರ್ಜಿಯಲ್ಲಿ “ಘಟ್ಟದ ಕೆಳಗೆ ಅಜ್ಜಿಮನೆಗೆ ಹೋಗಬೇಕಾಗಿದೆ” ಎಂದು ಬರೆಯುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಆ ವಾಕ್ಯ ಬದಲಾಗಿತ್ತು: “ನಮ್ಮ ಮನೆಗೇ ಎಲ್ಲರೂ ಬರುತ್ತಾರೆ ಸಾರ್.” ವಲಸೆ ಬಂದವರು ಈ ನೆಲದವರಾದರೆಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕೆ?

ಈ ಬದಲಾವಣೆಗೆ ಕಾರಣಗಳು ಹಲವು. ಹಿರಿಯರ ಸಮಾಧಿಗಳು ಇಲ್ಲಿಯೇ ಆದವು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಲ್ಯಾಟಿನ್ ಪೂಜೆಯ ಸ್ಥಾನಕ್ಕೆ ಜನರ ಭಾಷೆ ಬಂದಿತು. ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ ಕನ್ನಡ ಎಂಬುದು ಇಲ್ಲಿನ ರೂಢಿಯಾಯಿತು. 1988ರಲ್ಲಿ ಶಿವಮೊಗ್ಗವೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಋತುಮಾನವೂ ನೆರವಾಯಿತು. ಸೆಪ್ಟೆಂಬರ್ 8ರ ತೆನೆಹಬ್ಬ ಮಳೆಗಾಲದಲ್ಲಿ ಬರುತ್ತದೆ. ಕ್ರಿಸ್‌ಮಸ್ ವೇಳೆಗೆ ದಾರಿ ಒಣಗಿರುತ್ತದೆ, ಕಣಜದಲ್ಲಿ ಭತ್ತವಿರುತ್ತದೆ.

ಆದರೆ ಅದು ಅಡಿಕೆ ಕೊಯ್ಲಿನ ಕಾಲವೂ ಹೌದು. ಮಲೆನಾಡಿನಲ್ಲಿ ನೆಂಟನೆಂದರೆ ಎರಡು ಕೈ ಹೆಚ್ಚಾದಂತೆ. ಸಂಜೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಪಕ್ಕದಲ್ಲಿಯೇ ಕುಸ್ವಾರಿನ ಸಿದ್ಧತೆ ನಡೆಯುತ್ತದೆ: ಕರ್ಜಿಕಾಯಿಯಂಥ ನೆವ್ರಿ, ಸುರುಳಿ ಸುತ್ತಿ ಕರಿದ ಕಿಡಿಯೊ, ಅಕ್ಕಿಹಿಟ್ಟಿನ ಪುಟ್ಟ ಗುಂಡುಗಳಾದ ಗುಳಿಯೊ, ಚಕ್ಕುಲಿ. ಮಕ್ಕಳು ಹುಲ್ಲು, ಪಾಚಿ ತಂದು ಗೋದಲಿ ಕಟ್ಟುತ್ತಾರೆ. ನಡುರಾತ್ರಿಯ ಪೂಜೆ ಮುಗಿಸಿ ಬಂದವರಿಗೆ ಜಗಲಿಯುದ್ದಕ್ಕೂ ಚಾಪೆ. ಬೆಳಗ್ಗೆ ಸನ್ನದ ಜೊತೆ ಮಾಂಸದ ಸಾರು. ಕುಸ್ವಾರಿನ ತಟ್ಟೆ ನೆರೆಮನೆಗೆ ಹೋಗುತ್ತದೆ. ದೀಪಾವಳಿಯ ದೊಡ್ಡಹಬ್ಬದಲ್ಲಿ ನೆರೆಮನೆಯ ಹೋಳಿಗೆ ಈ ಮನೆಗೆ ಬರುತ್ತದೆ. ಈ ಕೊಡುಕೊಳೆಯೇ ಅವರನ್ನು ಊರಿನವರನ್ನಾಗಿಸಿತೆಂದು ನಾನು ನಂಬಿದ್ದೇನೆ.

ಈಗ ಮತ್ತೊಂದು ವಲಸೆ ನಡೆದಿದೆ. ಮಕ್ಕಳು ಬೆಂಗಳೂರು, ಮಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ; ಎಷ್ಟೋ ಮನೆಗಳಲ್ಲಿ ವೃದ್ಧ ದಂಪತಿಗಳಿಬ್ಬರೇ. ಇದು ಕ್ರೈಸ್ತರ ಮನೆಗಳ ಕಥೆಯಷ್ಟೇ ಅಲ್ಲ, ಮಲೆನಾಡಿನ ಎಲ್ಲ ಮನೆಗಳ ಕಥೆ. “ಇಷ್ಟು ಜನಕ್ಕೆ ಯಾರು ಅಡುಗೆ ಮಾಡುವುದು, ಈ ಸಲ ನೀವೇ ಬೆಂಗಳೂರಿಗೆ ಬನ್ನಿ” ಎಂಬ ಕರೆ ಪ್ರೀತಿಯದೇ. ಆದರೆ ಹಬ್ಬ ಸ್ಥಳಾಂತರವಾದರೆ ಮೂಲಮನೆಯೂ ಸ್ಥಳಾಂತರವಾಗುತ್ತದೆ. ಘಟ್ಟದ ಕೆಳಗಿನ ಅಜ್ಜಿಮನೆಗೆ ಒಮ್ಮೆ ಆದದ್ದೇ ಇಲ್ಲಿಯೂ ಆಗುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಪ್ರತಿವರ್ಷ ಬರಲಾಗದಿದ್ದರೆ ಎರಡು ವರ್ಷಕ್ಕೊಮ್ಮೆಯಾದರೂ ಬನ್ನಿ. ಅಡುಗೆಯ ಭಾರ ಅಮ್ಮನೊಬ್ಬಳ ಮೇಲೆ ಬೀಳದಂತೆ ಎರಡು ದಿನ ಮುಂಚಿತವಾಗಿಯೇ ಬನ್ನಿ. ಜಗಲಿಯಲ್ಲಿ ಕುಳಿತ ಅಜ್ಜನನ್ನು, ನಮ್ಮವರು ಯಾವ ಘಟ್ಟ ಹತ್ತಿ ಬಂದರು, ಮೊದಲ ಮನೆ ಎಲ್ಲಿ ಕಟ್ಟಿದರು ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಆ ಉತ್ತರಗಳು ಯಾವ ಪಠ್ಯಪುಸ್ತಕದಲ್ಲಿಯೂ ಸಿಗುವುದಿಲ್ಲ.