ಚಿನ್ನದ ನ್ಯಾನೊಗುಚ್ಛ ಮತ್ತು ಆಲ್ಕಲೈನ್ ಫಾಸ್ಫಟೇಸ್: ಬೆಳಕು ಕುಂದಿದ್ದು ಯಾವುದರಿಂದ?

2009ರಲ್ಲಿ ಸಿಂಗಪುರದ ಜಾಕಿ ಯಿಂಗ್ ಮತ್ತು ಸಂಗಡಿಗರು ಹಸುವಿನ ರಕ್ತದ ಆಲ್ಬುಮಿನ್‌ನೊಳಗೆ ಸುಮಾರು 25 ಪರಮಾಣುಗಳ ಚಿನ್ನದ ಗುಚ್ಛಗಳನ್ನು ಬೆಳೆಸಿದರು. 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಪ್ರಬಲ ಕ್ಷಾರ, ಇಷ್ಟೇ ಸಾಕಾಯಿತು. ಈ ಗುಚ್ಛಗಳು 640 ನ್ಯಾನೊಮೀಟರ್ ಆಸುಪಾಸಿನಲ್ಲಿ ಕೆಂಪಗೆ ಬೆಳಗುತ್ತವೆ. ತಾಮ್ರದ ಅಯಾನು ಬಂದು ಅಂಟಿದರೆ ಆ ಬೆಳಕು ಕುಂದುತ್ತದೆ. ಯಕೃತ್ತು ಮತ್ತು ಮೂಳೆಯ ಕಾಯಿಲೆಗಳಲ್ಲಿ ವೈದ್ಯರು ನೋಡುವ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನು ಅಳೆಯುವ ಒಂದು ವಿಧಾನ ನಿಂತಿರುವುದು ಇದರ ಮೇಲೆಯೇ.

ಪೈರೋಫಾಸ್ಫೇಟ್ ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುವವರೆಗೆ ಗುಚ್ಛ ಬೆಳಗುತ್ತಿರುತ್ತದೆ. ಕಿಣ್ವವು ಪೈರೋಫಾಸ್ಫೇಟನ್ನು ಸೀಳಿದಾಗ ಉಳಿಯುವ ಸರಳ ಫಾಸ್ಫೇಟಿನ ಹಿಡಿತ ಸಡಿಲ. ಬಿಡುಗಡೆಯಾದ ತಾಮ್ರ ಗುಚ್ಛವನ್ನು ಸೇರಿ ಬೆಳಕನ್ನು ತಗ್ಗಿಸುತ್ತದೆ. ಸೊಗಸಾದ ಏರ್ಪಾಡು, ನಿಜ. ಆದರೆ ಇಲ್ಲಿ ಬೆಳಕು ನೇರವಾಗಿ ಹೇಳುವುದು ತಾಮ್ರದ ಸುದ್ದಿಯನ್ನು. ಕಿಣ್ವದ ಸುದ್ದಿ ಅದರ ಮೂಲಕ ನಾವು ಮಾಡಿಕೊಳ್ಳುವ ಊಹೆ.

ಶುದ್ಧ ಬಫರಿನಲ್ಲಿ ಈ ಊಹೆ ತಪ್ಪುವುದು ಅಪರೂಪ, ರಕ್ತಸಾರದಲ್ಲಿ ಹಾಗಲ್ಲ. ಅಲ್ಲಿರುವ ಆಲ್ಬುಮಿನ್‌ಗೂ ಹಿಸ್ಟಿಡೀನ್‌ಗೂ ತಾಮ್ರದ ಮೇಲೆ ಬಲವಾದ ಒಲವಿದೆ. ಅವು ತಾಮ್ರವನ್ನು ಕಬಳಿಸಿದರೆ ಚುರುಕಾದ ಕಿಣ್ವವೂ ಮಂದವಾಗಿ ಕಾಣುತ್ತದೆ. ಇಡಿಟಿಎ ಇರುವ ಕೊಳವೆಯಲ್ಲಿ ತೆಗೆದ ರಕ್ತವಂತೂ ಬೇಡವೇ ಬೇಡ: ಇಡಿಟಿಎ ತಾಮ್ರವನ್ನು ಹಿಡಿಯುವುದಲ್ಲದೆ ಕಿಣ್ವದ ಸತುವನ್ನೂ ಕಿತ್ತುಕೊಳ್ಳುತ್ತದೆ. ಪಿಎಚ್ ವಿಷಯದಲ್ಲೂ ಇಕ್ಕಟ್ಟಿದೆ. ಕಿಣ್ವಕ್ಕೆ ಒಗ್ಗುವುದು ಕ್ಷಾರ, ಕ್ಷಾರ ಹೆಚ್ಚಿದಂತೆ ತಾಮ್ರ ಹೈಡ್ರಾಕ್ಸೈಡಾಗಿ ತಳ ಸೇರುತ್ತದೆ.

ಬೆಳಕು ಕುಂದಿದ್ದು ಕಿಣ್ವದಿಂದಲೇ ಎಂದು ತಿಳಿಯಲು ಮಾದರಿಯನ್ನು ಕಾಯಿಸಿ ಕಿಣ್ವವನ್ನು ಕೊಂದು ಹೋಲಿಸುವ ರೂಢಿಯನ್ನು ಇಲ್ಲಿ ನಾನು ನಂಬುವುದಿಲ್ಲ. ಗರ್ಭಿಣಿಯರ ರಕ್ತದಲ್ಲಿರುವ ಮಾಸುವಿನ ಫಾಸ್ಫಟೇಸ್ 65 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿದರೂ ಜಗ್ಗದು. ಇನ್ನೂ ಹೆಚ್ಚು ಕಾಯಿಸಿದರೆ ರಕ್ತಸಾರದ ಪ್ರೋಟೀನುಗಳ ಆಕಾರವೇ ಕೆಟ್ಟು, ಅವು ತಾಮ್ರ ಹಿಡಿಯುವ ಬಗೆಯೂ ಬದಲಾಗುತ್ತದೆ. ಹೋಲಿಕೆಗೆ ಇಟ್ಟ ಮಾದರಿ ಹೋಲಿಕೆಗೆ ಉಳಿಯುವುದಿಲ್ಲ. ಯಕೃತ್ತು, ಮೂಳೆಗಳ ಫಾಸ್ಫಟೇಸನ್ನು ತಡೆಯುವ ಲೆವಮಿಸೋಲ್ ಇದಕ್ಕಿಂತ ಮೇಲು. ಮಾಸು ಮತ್ತು ಕರುಳಿನ ಕಿಣ್ವಗಳನ್ನು ಅದು ಅಷ್ಟಾಗಿ ಬಾಧಿಸದು ಎಂಬುದನ್ನು ಮಾತ್ರ ನೆನಪಿಡಬೇಕು. ಲೆವಮಿಸೋಲ್ ತಾನಾಗಿಯೇ ಗುಚ್ಛದ ಬೆಳಕನ್ನು ಬದಲಿಸುವುದಿಲ್ಲವೆಂದು ಮೊದಲೇ ನೋಡಿಕೊಳ್ಳುವುದೂ ಅಗತ್ಯ.

ಕಿಣ್ವದ ಚಟುವಟಿಕೆ ಎಂದರೆ ವೇಗ. ಆದ್ದರಿಂದ ಅರ್ಧ ಗಂಟೆ ಕಳೆದ ಮೇಲಿನ ಒಂದೇ ಅಳತೆಗಿಂತ ಮೊದಲ ಕೆಲವು ನಿಮಿಷಗಳ ಇಳಿಜಾರೇ ಮುಖ್ಯ. ಪ್ರತಿ ಮಾದರಿಗೂ ಗೊತ್ತಿರುವಷ್ಟು ತಾಮ್ರ ಸೇರಿಸಿ ಬೆಳಕು ಎಷ್ಟು ತಗ್ಗುತ್ತದೆಂದು ಅಳೆದು, ಅದೇ ಮಾದರಿಯನ್ನು ನೈಟ್ರೋಫಿನೈಲ್ ಫಾಸ್ಫೇಟಿನ ಹಳೆಯ ಹಳದಿ ಬಣ್ಣದ ಪರೀಕ್ಷೆಗೂ ಒಡ್ಡಿ, ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಪ್ರಕಟಿಸಬೇಕು.