ಕೈಗಾದ ಗಾಳಿಯ ಹಳೆಯ ಲೆಕ್ಕ

ಜೊಯಿಡಾದಿಂದ ಕಾರವಾರದ ಕಡೆ ಹೊರಟವರು ಅಣಶಿ ಘಟ್ಟ ಇಳಿದರೆ ಕದ್ರಾ ಸಿಗುತ್ತದೆ. ಕದ್ರಾ ಜಲಾಶಯದ ಹಿನ್ನೀರಿನಂಚಿನ ಕಾಡಿನಲ್ಲಿದೆ ಕೈಗಾ. ಜೊಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ, ಸೂಪಾದಲ್ಲಿ ಅಣೆಕಟ್ಟಿಗೆ ಸಿಕ್ಕಿ, ಹಳೆಯ ಸೂಪಾ ಊರನ್ನೇ ಮುಳುಗಿಸಿ ಬಂದ ಕಾಳಿ ನದಿ ಇಲ್ಲಿ ಅಣುಸ್ಥಾವರವನ್ನು ತಂಪಾಗಿಡುವ ಕೆಲಸಕ್ಕೂ ಒದಗಿದೆ.

ಸ್ಥಾವರ ಬರುತ್ತದೆ ಎಂದಾಗ ಉತ್ತರ ಕನ್ನಡ ಜಿಲ್ಲೆ ಸುಮ್ಮನಿರಲಿಲ್ಲ. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಪರಿಸರದ ಪರವಾಗಿ ಇಲ್ಲಿಂದಲೇ ಸ್ಪರ್ಧಿಸಿದ್ದರು. ಕುಸುಮಾ ಸೊರಬ ಅವರಂಥ ಹೋರಾಟಗಾರರು ಹಳ್ಳಿಹಳ್ಳಿ ಸುತ್ತಿದರು. ಚಿಮಣಿಯಿಂದ ಏನು ಹೊರಬೀಳುತ್ತದೆ ಎಂಬುದೇ ಜನರ ಮುಖ್ಯ ಪ್ರಶ್ನೆ. ಅದಕ್ಕೆ ನಂಬುವಂಥ ಉತ್ತರ ಕೊಡಬೇಕೆಂದರೆ ಸ್ಥಾವರ ಬರುವ ಮೊದಲು ಈ ಗಾಳಿಯಲ್ಲಿ ಏನಿತ್ತು ಎಂಬುದು ಗೊತ್ತಿರಬೇಕು. ಆ ಲೆಕ್ಕ ತೆಗೆಯಲು ಎರಡನೆಯ ಅವಕಾಶ ಇರುವುದಿಲ್ಲ.

ಮಂಗಳೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗ ಈ ಕೆಲಸಕ್ಕೆ ಕೈಹಾಕಿತು. ಪ್ರೊ. ಕೆ. ಸಿದ್ದಪ್ಪ, ಎನ್. ಕರುಣಾಕರ, ಎಚ್. ಎಂ. ಸೋಮಶೇಖರಪ್ಪ ಮೊದಲಾದವರ ತಂಡ ಕೈಗಾ ಸುತ್ತಲಿನ ಮಣ್ಣು, ಗಿಡಮರಗಳಲ್ಲಿ ಸಹಜವಾಗಿಯೇ ಇರುವ ವಿಕಿರಣವನ್ನು ಅಳೆಯಿತು. ಇದರಲ್ಲಿ ಅತ್ಯಂತ ಸೊಗಸಾದ ಭಾಗ ಮರದ ಮೇಲೆ ಬೆಳೆಯುವ ಸಸ್ಯಗಳದ್ದು. ಕಾಂಡಕ್ಕೆ ಅಂಟಿಕೊಂಡ ಹಾವಸೆಗೂ ಕೊಂಬೆಯ ಮೇಲಿನ ಆರ್ಕಿಡ್‌ಗೂ ನೆಲದ ನಂಟಿಲ್ಲ. ಅವುಗಳಿಗೆ ಬೇಕಾದದ್ದು ಬರುವುದು ಮಳೆಯಿಂದ, ಗಾಳಿಯಿಂದ. ಹಾಗಾಗಿ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ಅವುಗಳ ಮೈಮೇಲೆ ಉಳಿದುಬಿಡುತ್ತವೆ.

ಆ ಕಣಗಳು ಹೊತ್ತು ತರುವುದು ಏನನ್ನು? ನೆಲದೊಳಗಿಂದ ಹೊರಬರುವ ರೇಡಾನ್ ಅನಿಲ ಗಾಳಿಯಲ್ಲೇ ಕ್ಷಯಿಸುತ್ತ ಸೀಸ-210, ಪೊಲೊನಿಯಂ-210 ಆಗುತ್ತದೆ. ಇವು ಸಿಕ್ಕಿದ ಕಣಕ್ಕೆ ಅಂಟಿಕೊಳ್ಳುತ್ತವೆ. ಬೆರಿಲಿಯಂ-7 ಬರುವುದು ಇನ್ನೂ ಮೇಲಿನಿಂದ. ವಿಶ್ವಕಿರಣಗಳು ವಾತಾವರಣದ ಎತ್ತರದಲ್ಲಿ ಸಾರಜನಕ, ಆಮ್ಲಜನಕಗಳಿಗೆ ಬಡಿದಾಗ ಹುಟ್ಟಿ, ಕಣಗಳ ಬೆನ್ನೇರಿ ಮಳೆಯೊಂದಿಗೆ ಇಳಿಯುತ್ತದೆ. 53 ದಿನಕ್ಕೆ ಅದರಲ್ಲಿ ಅರ್ಧ ಉಳಿಯುತ್ತದೆ. ಇವು ಯಾವುವೂ ಸ್ಥಾವರದ ಕೊಡುಗೆಯಲ್ಲ. ಕೈಗಾದ ಹೆಸರೇ ಇಲ್ಲದಿದ್ದಾಗಲೂ ಇಲ್ಲಿನ ಕುಣಬಿ ಸಮುದಾಯದವರ ಗದ್ದೆಯ ಮೇಲೆ ಪ್ರತಿ ಮುಂಗಾರಿನಲ್ಲೂ ಬಿದ್ದಿವೆ.

ಪ್ರಯೋಗಾಲಯದ ಕೆಲಸ ತಾಳ್ಮೆ ಬೇಡುವಂಥದ್ದು. ಬಿಡಿಸಿ ತಂದ ಹಾವಸೆಯನ್ನು ಒಣಗಿಸಿ, ಪುಡಿಮಾಡಿ ಡಬ್ಬಿಗೆ ತುಂಬಬೇಕು. ರೇಡಿಯಂ ಅಳೆಯುವುದಿದ್ದರೆ ಡಬ್ಬಿಗೆ ಬಿಗಿಯಾಗಿ ಮುಚ್ಚಳ ಹಾಕಿ ಸುಮಾರು ಒಂದು ತಿಂಗಳು ಇಡಬೇಕು. ರೇಡಿಯಂನಿಂದ ಹುಟ್ಟುವ ರೇಡಾನ್ ತಪ್ಪಿಸಿಕೊಂಡರೆ ಲೆಕ್ಕ ಕೆಡುತ್ತದೆ. ಪೊಲೊನಿಯಂ ಆದರೆ ಆಮ್ಲದಲ್ಲಿ ಕರಗಿಸಿ, ಬೆಳ್ಳಿಯ ತೆಳು ಬಿಲ್ಲೆಯ ಮೇಲೆ ಕೂರಿಸಿ ಎಣಿಸುತ್ತಾರೆ.

ಕಾಡು ತಾನಾಗಿ ಮಾಡುವ ಈ ಶೋಧನೆಯನ್ನು ಯಂತ್ರಕ್ಕೆ ಒಗ್ಗಿಸಿದ ಚರಿತ್ರೆ ಬೇರೆಯೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ನಾರಿನ ಶೋಧಕಗಳ (ಫಿಲ್ಟರ್) ಸಿದ್ಧಾಂತ ಬರೆದರು. ದೊಡ್ಡ ಕಣ ಗಾಳಿಯ ತಿರುವಿಗೆ ತಿರುಗಲಾರದೆ ನಾರಿಗೆ ಬಡಿಯುತ್ತದೆ. ತೀರಾ ಚಿಕ್ಕದು ಅಡ್ಡಾದಿಡ್ಡಿ ಅಲೆದು ಸಿಕ್ಕಿಬೀಳುತ್ತದೆ. ನುಸುಳಿಕೊಳ್ಳುವುದು ನಡುವಿನ ಗಾತ್ರದ್ದು, ಹೆಚ್ಚುಕಡಿಮೆ 0.3 ಮೈಕ್ರಾನಿನದು. ಅಣುಬಾಂಬ್ ಯೋಜನೆಯಲ್ಲಿ ಬೆಳೆದ ‘ಹೆಪಾ’ ಶೋಧಕಕ್ಕೆ ಇಂದಿಗೂ ಆ ಗಾತ್ರದಲ್ಲೇ ಪರೀಕ್ಷೆ, ಶೇಕಡಾ 99.97ರಷ್ಟು ಕಣಗಳನ್ನು ಹಿಡಿಯಬೇಕು.

1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿತ್ತು. ಅಲ್ಲಿನ ಚಿಮಣಿಗಳ ತುದಿಗೆ ಶೋಧಕ ಕೂರಿಸಲೇಬೇಕೆಂದು ಭೌತವಿಜ್ಞಾನಿ ಜಾನ್ ಕಾಕ್‌ಕ್ರಾಫ್ಟ್ ಹಟ ಹಿಡಿದಿದ್ದರು. ಅದನ್ನು ‘ಕಾಕ್‌ಕ್ರಾಫ್ಟರ ಮೂರ್ಖತನ’ ಎಂದು ಆಡಿಕೊಂಡವರೇ ಹೆಚ್ಚು. ಆ ಶೋಧಕಗಳು ಬಹಳಷ್ಟು ಕಣಗಳನ್ನು ತಡೆದವು. ಆವಿಯಾಗಿದ್ದ ಅಯೋಡಿನ್ ಮಾತ್ರ ದಾಟಿಹೋಯಿತು, ಸುತ್ತಲಿನ ಹೈನುಗಾರರ ಹಾಲನ್ನು ಚೆಲ್ಲಿಸಬೇಕಾಯಿತು. ಅಣುಸ್ಥಾವರಗಳಲ್ಲಿ ಹೆಪಾ ಜೊತೆಗೆ ಇದ್ದಿಲಿನ ಶೋಧಕವೂ ಇರುವುದು ಇದಕ್ಕಾಗಿ.

ಕೈಗಾದಲ್ಲಿ ರಿಯಾಕ್ಟರಿನ ಸುತ್ತ ಎರಡು ಕಾಂಕ್ರೀಟ್ ಗೋಡೆಗಳಿವೆ. ನಡುವಿನ ತೆರಪಿನಲ್ಲಿ ಗಾಳಿಯ ಒತ್ತಡವನ್ನು ಹೊರಗಿಗಿಂತ ಕಡಿಮೆ ಇಟ್ಟು, ಸೋರಿದ್ದನ್ನು ಶೋಧಕದ ಮೂಲಕ ಹಾಯಿಸುತ್ತಾರೆ. 1994ರ ಮೇ 13ರಂದು, ಕಟ್ಟುತ್ತಿರುವಾಗಲೇ, ಒಳಗುಮ್ಮಟದ ಕಾಂಕ್ರೀಟ್ ಕಳಚಿಬಿತ್ತು. ಇಂಧನ ತುಂಬಿರಲಿಲ್ಲ, ಆದರೆ ಜಿಲ್ಲೆಯ ಜನರ ಆತಂಕಕ್ಕೆ ಆಧಾರವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. 2000ದಲ್ಲಿ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಇಳಿದವು.

ಮಂಗಳೂರಿನವರ ಹಾವಸೆಯ ಲೆಕ್ಕ 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಪ್ರಶ್ನೆ ಕೇಳಿದವರು ಕನ್ನಡ, ಕೊಂಕಣಿ ಆಡುವವರು; ಆ ಅಂಕಿಗಳು ಅವರ ಗ್ರಾಮ ಪಂಚಾಯಿತಿಗಳಿಗೂ ಅವರಿಗೆ ತಿಳಿಯುವ ಮಾತಿನಲ್ಲಿ ತಲುಪಬೇಕು. ಇದಕ್ಕೆ ಈಗ ಇನ್ನೊಂದು ಕಾರಣವೂ ಇದೆ. 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಹತ್ತು ಘಟಕಗಳ ಪಟ್ಟಿಯಲ್ಲಿ ಕೈಗಾದ 5 ಮತ್ತು 6ನೆಯವು ಸೇರಿವೆ. ಈಗಿರುವ ನಾಲ್ಕೂ ತಲಾ 220 ಮೆಗಾವಾಟಿನವು, ಹೊಸವು ತಲಾ 700ರವು. ಅವು ಶುರುವಾಗುವ ಮೊದಲು ಅದೇ ಕಾಡಿನ ಹಾವಸೆಯನ್ನು ಮತ್ತೊಮ್ಮೆ ಬಿಡಿಸಿ, ಒಣಗಿಸಿ, ಎಣಿಸಬಹುದು.