‘ಪೂರ್ತಿ ಟೆಸ್ಟ್ ಮಾಡಿದ ಆ್ಯಪ್, ತಪ್ಪೇ ಆಗಲ್ಲ’ ಎನ್ನುವುದು ನಿಜವೇ?

ಹೇಳಿಕೆ: ಎಲ್ಲ ರೀತಿಯಲ್ಲೂ ಪರೀಕ್ಷಿಸಿದ ಆ್ಯಪ್‌ನಲ್ಲಿ ತಪ್ಪು ಇರುವುದಿಲ್ಲ. ಲೆಕ್ಕ ತಪ್ಪಿದರೆ ಅದು ಬಳಸಿದವರ ತಪ್ಪು.

ಉತ್ತರ: ನಿಜವಲ್ಲ. ಯಾವ ಆ್ಯಪ್ ಅನ್ನೂ ಎಲ್ಲ ರೀತಿಯಲ್ಲಿ ಪರೀಕ್ಷಿಸಲು ಆಗುವುದಿಲ್ಲ. ಕೆಲವೇ ಪರೀಕ್ಷೆಗಳನ್ನು ಆರಿಸಿಕೊಳ್ಳುತ್ತಾರೆ. ಆ ಆಯ್ಕೆ ಸರಿಯಾಗಿದ್ದರೆ ಹೆಚ್ಚು ತಪ್ಪುಗಳು ಮೊದಲೇ ಸಿಗುತ್ತವೆ.

ಒಂದು ಗುಂಟೆಯೂ ಹಣವೇ

2020ರ ಮುಂಗಾರಿನಲ್ಲಿ ಕರ್ನಾಟಕದ ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುವ ವ್ಯವಸ್ಥೆ ಬಂತು. ಬೆಳೆ ಸಮೀಕ್ಷೆಯ ಮಾಹಿತಿ ಬೆಳೆ ವಿಮೆಗೂ ಪರಿಹಾರಕ್ಕೂ ಬಳಕೆಯಾಗುತ್ತದೆ. ಕಲಬುರಗಿಯ ತೊಗರಿಯಾಗಲಿ, ಕಮಲಾಪುರದ ಕೆಂಪು ಬಾಳೆಯಾಗಲಿ, ದಾಖಲೆಯಲ್ಲಿ ವಿಸ್ತೀರ್ಣ ತಪ್ಪಿದರೆ ನಷ್ಟ ರೈತರಿಗೆ. ಇಂಥ ಕೆಲಸಕ್ಕೆ ಹೊಸ ಆ್ಯಪ್ ಒಂದು ತಯಾರಾಗಿದೆ, ಅದನ್ನು ನಾವೇ ಪರೀಕ್ಷಿಸಬೇಕು ಎಂದುಕೊಳ್ಳೋಣ.

ಅಂಚಿನಲ್ಲಿ ಹುಡುಕಿ

40 ಗುಂಟೆಗೆ 1 ಎಕರೆ. ಆದ್ದರಿಂದ ಗುಂಟೆಯ ಜಾಗದಲ್ಲಿ 0ಯಿಂದ 39ರವರೆಗಿನ ಸಂಖ್ಯೆ ಮಾತ್ರ ಬರಬೇಕು. 7, 8, 9 ಎಂದು ಒಂದೊಂದಾಗಿ ಹಾಕಿ ನೋಡಿದರೆ ಹೊಸದೇನೂ ತಿಳಿಯದು. ಆ್ಯಪ್‌ಗೆ ಅವೆಲ್ಲ ಒಂದೇ ಗುಂಪು. ಗುಂಪಿಗೆ ಒಂದು ಸಂಖ್ಯೆ ಸಾಕು. ಬದಲಿಗೆ ಅಂಚಿನ ಸಂಖ್ಯೆಗಳನ್ನು ಹಾಕಬೇಕು: 0, 39, 40. ಜೊತೆಗೆ ಖಾಲಿ ಬಿಟ್ಟೂ ನೋಡಬೇಕು. ಪ್ರೋಗ್ರಾಂ ಬರೆಯುವವರು ‘40ಕ್ಕಿಂತ ಕಡಿಮೆ’ ಎನ್ನುವ ಕಡೆ ‘40 ಅಥವಾ ಕಡಿಮೆ’ ಎಂದು ಬರೆದಿದ್ದರೆ, ಆ ತಪ್ಪನ್ನು ಹಿಡಿಯುವುದು 40 ಮಾತ್ರ.

ಇನ್ನೊಂದು ಪರೀಕ್ಷೆ 2 ಎಕರೆ 20 ಗುಂಟೆ. ಅದು 2.5 ಎಕರೆ. ಗುಂಟೆಯ ಲೆಕ್ಕ ಗೊತ್ತಿಲ್ಲದವರು ಅದನ್ನು 2.20 ಎಕರೆ ಎಂದು ಉಳಿಸಿದರೆ 2 ಎಕರೆ 8 ಗುಂಟೆ ಆಗುತ್ತದೆ. 12 ಗುಂಟೆ ಕಾಣೆ! ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಹೆಸರಿಗೂ ಅಂಚು ಇದೆ. ‘ಜ್ಯೋತ್ಸ್ನಾ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತ ಸೇರಿ 10 ಸಂಕೇತ. ಇಂಗ್ಲಿಷ್ ಹೆಸರನ್ನಷ್ಟೇ ಹಾಕಿ ನೋಡಿದರೆ, ಉದ್ದದ ಮಿತಿ ಮೀರಿ ಕನ್ನಡದ ಹೆಸರು ಅರ್ಧಕ್ಕೆ ತುಂಡಾಗುವುದು ಗೊತ್ತೇ ಆಗುವುದಿಲ್ಲ.

81ರ ಬದಲು 9

ಇನ್ನು ಫೋನಿನ ಪರಿಸ್ಥಿತಿ. ಆಂಡ್ರಾಯ್ಡ್ ಹಳೆಯದು, ನಡುವಿನದು, ಹೊಸದು. ನೆಟ್‌ವರ್ಕ್ ಚೆನ್ನಾಗಿದೆ, ದುರ್ಬಲ, ಇಲ್ಲವೇ ಇಲ್ಲ. ಭಾಷೆ ಕನ್ನಡ, ಇಂಗ್ಲಿಷ್, ಹಿಂದಿ. ಲೊಕೇಶನ್ ಅನುಮತಿ ಕೊಟ್ಟಿದೆ, ಈ ಬಾರಿಗೆ ಮಾತ್ರ, ನಿರಾಕರಿಸಿದೆ. ನಾಲ್ಕು ಅಂಶ, ಪ್ರತಿಯೊಂದಕ್ಕೂ ಮೂರು ಆಯ್ಕೆ. ಒಟ್ಟು 3×3×3×3, ಅಂದರೆ 81 ಸಂದರ್ಭ.

ಬಹಳಷ್ಟು ತಪ್ಪುಗಳು ಒಂದು ಅಂಶದಿಂದ ಅಥವಾ ಎರಡು ಅಂಶಗಳು ಕೂಡಿದಾಗ ಹೊರಬೀಳುತ್ತವೆ. ಹಾಗಾಗಿ ಯಾವುದೇ ಎರಡು ಅಂಶಗಳ ಪ್ರತಿ ಜೋಡಿಯೂ ಒಮ್ಮೆ ಬರುವಂತೆ ಪಟ್ಟಿ ಮಾಡುತ್ತಾರೆ. ಅದಕ್ಕೆ 9 ಪರೀಕ್ಷೆ ಸಾಕು. ಇದನ್ನು ಜೋಡಿ ಪರೀಕ್ಷೆ ಎನ್ನಬಹುದು.

ಆದರೆ ಮೂರು ಅಂಶ ಕೂಡಿದಾಗ ಮಾತ್ರ ಬರುವ ತಪ್ಪು ಇದರಲ್ಲಿ ನುಸುಳಿಹೋಗಬಹುದು. ಅದಕ್ಕೇ ನಿಜ ಬಳಕೆಯ ಸಂದರ್ಭವನ್ನು ಕೈಯಾರೆ ಸೇರಿಸಬೇಕು. ಕಲಬುರಗಿ ಕೋಟೆಯ ಹತ್ತಿರದ ಕೋಣೆಯಲ್ಲಿ ವೈಫೈ ಹಚ್ಚಿಕೊಂಡು ನೋಡುವುದು ಒಂದು; ಕಮಲಾಪುರದ ಹೊಲದಲ್ಲಿ ಹಳೆಯ ಫೋನ್, ಕನ್ನಡ ಭಾಷೆ, ನೆಟ್‌ವರ್ಕ್ ಇಲ್ಲದೆ ಫೋಟೊ ತೆಗೆದು ನೋಡುವುದೇ ಇನ್ನೊಂದು.

ನೀವೇನು ಮಾಡಬಹುದು?

• ‘ಯಶಸ್ವಿಯಾಗಿ ಸಲ್ಲಿಸಲಾಗಿದೆ’ ಎಂದು ಬಂದರೂ ದಾಖಲಾದ ವಿಸ್ತೀರ್ಣ, ಹೆಸರನ್ನು ಪಹಣಿಯ ಜೊತೆ ಹೋಲಿಸಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.
• ದೂರು ಕೊಡುವಾಗ ‘ಆ್ಯಪ್ ಕೆಲಸ ಮಾಡ್ತಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವ ಫೋನ್, ಯಾವ ಭಾಷೆ, ನೆಟ್‌ವರ್ಕ್ ಇತ್ತೇ, ಏನು ಟೈಪ್ ಮಾಡಿದಿರಿ ಎಂದು ತಿಳಿಸಿ. ಪರೀಕ್ಷಿಸುವವರ ಪಟ್ಟಿಯಲ್ಲಿ ಬಿಟ್ಟುಹೋದ ಸಂದರ್ಭ ಅದೇ ಇರಬಹುದು.
• ‘ನೂರಕ್ಕೆ ನೂರು ಟೆಸ್ಟ್ ಆಗಿದೆ’ ಎನ್ನುವ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಪರೀಕ್ಷೆ ತಪ್ಪು ಇದೆ ಎಂದು ತೋರಿಸಬಲ್ಲದು. ತಪ್ಪೇ ಇಲ್ಲ ಎಂದು ಸಾಬೀತು ಮಾಡಲಾರದು.